ಹೇಳಿ ಹಿಡಿದ ವಟ್ಟ

2019ರಲ್ಲಿ ನಮ್ಮ ಸೋದರತ್ತೆ ಪಶುಪತಿನಾಥನ ದರ್ಶನಕ್ಕೆ ಹೊರಟಾಗ ವಳಸಂಗದ ಓಣಿಯಲ್ಲಿ ಅದೊಂದು ತಮಾಷೆಯ ಸುದ್ದಿಯಾಗಿತ್ತು. “ಅತ್ತಿ ಫಾರಿನ್ನಿಗೆ ಹೊಂಟಾಳ” ಎಂದು ಹುಡುಗರು ನಗುತ್ತಿದ್ದರು. ನಗುವಂಥದ್ದೇನೂ ಇರಲಿಲ್ಲ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ನಮ್ಮ ಜತ್ತ ತಾಲೂಕಿನ ಬರದ ಊರುಗಳಿಂದ ಹೊರದೇಶ ಕಂಡವರಲ್ಲಿ ಬಹಳ ಜನ ಮೊದಲು ಕಂಡದ್ದು ನೇಪಾಳವನ್ನೇ. ಕಾಶಿಗೆ ಹೋದ ಯಾತ್ರೆಯ ಬಸ್ಸು ಗಡಿಯ ಸೋನೌಲಿ ದಾಟಿ ಹಾಗೇ ಮುಂದೆ ಹೋಗುತ್ತದೆ. ಪಾಸ್‌ಪೋರ್ಟ್ ಬೇಕಿಲ್ಲ, ಮತದಾರರ ಚೀಟಿ ಸಾಕು. (ವಳಸಂಗವೆಂದರೆ ಸೋಲಾಪುರದ ಪಕ್ಕದ್ದಲ್ಲ, ಜತ್ತಿನದು. ಹೆಸರು ಒಂದೇ ಆದದ್ದರಿಂದ ಈ ಮಾತನ್ನು ಪ್ರತಿಸಲ ಹೇಳಬೇಕಾಗುತ್ತದೆ.)

ಅತ್ತೆ ರೊಕ್ಕವನ್ನು ಮೂರು ಕಡೆ ಇಟ್ಟುಕೊಂಡಿದ್ದಳು. ಕೈಖರ್ಚಿನದು ಎಲೆಅಡಿಕೆಯ ಚಂಚಿಯಲ್ಲಿ, ದಕ್ಷಿಣೆಯದು ಸೆರಗಿನ ಗಂಟಿನಲ್ಲಿ, ಉಳಿದದ್ದು ಕುಬಸದೊಳಗೆ ತಾನೇ ಹೊಲಿದುಕೊಂಡ ಕಿಸೆಯಲ್ಲಿ. ಪ್ರವಾಸದ ಪುಸ್ತಕಗಳು ಇದನ್ನೇ ಒಂದು ಅಧ್ಯಾಯ ಮಾಡಿ ಹೇಳುತ್ತವೆ. ಆದರೆ ಎಲ್ಲವೂ ಐದುನೂರರ ನೋಟು. 2018ರ ಡಿಸೆಂಬರಿನಲ್ಲಿ ನೇಪಾಳ ಸರಕಾರ ನೂರಕ್ಕಿಂತ ದೊಡ್ಡ ಭಾರತೀಯ ನೋಟುಗಳನ್ನು ನಿಷೇಧಿಸಿದ್ದು ಬಸ್ಸಿನಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ನೇಪಾಳಿಗಳನ್ನು ಬೈಯುವಂತೆಯೂ ಇಲ್ಲ. 2016ರ ನವೆಂಬರ್ 8ರ ರಾತ್ರಿ ನಮ್ಮ ಸರಕಾರ ರದ್ದು ಮಾಡಿದ ಐದುನೂರು, ಸಾವಿರದ ನೋಟುಗಳು ಅಲ್ಲಿಯ ಬ್ಯಾಂಕುಗಳಲ್ಲೂ ಮನೆಗಳಲ್ಲೂ ಹಾಗೇ ಸಿಕ್ಕಿಬಿದ್ದಿದ್ದವು. ಒಮ್ಮೆ ಕೈಸುಟ್ಟುಕೊಂಡವರು ಎರಡನೆಯ ಸಲ ಎಚ್ಚರವಾಗಿದ್ದರು, ಅಷ್ಟೆ.

ಗಡಿಯ ಈಚೆಗೆ ನೂರರ ನೋಟಿನ ಕಟ್ಟು ಹಿಡಿದು ಒಬ್ಬ ಹುಡುಗ ನಿಂತಿದ್ದನಂತೆ. ಐದುನೂರು ಕೊಟ್ಟರೆ ನಾಲ್ಕುನೂರ ಎಂಬತ್ತು. ಬಸ್ಸಿನ ಗಂಡಸರು ಲೂಟಿ, ದರೋಡೆ ಎಂದು ಕೂಗಾಡಿದರು. ಅತ್ತೆ ಕೂಗಾಡಲಿಲ್ಲ. ನಾಲ್ಕು ನೋಟು ಕೊಟ್ಟಳು, ನೂರರ ಹತ್ತೊಂಬತ್ತು ನೋಟು, ಮೇಲೆ ಎರಡು ಹತ್ತು ಎಣಿಸಿಕೊಂಡಳು. ಊರಿಗೆ ಬಂದಮೇಲೆ ನಾನು ಕೇಳಿದಾಗ ಹೇಳಿದ್ದು ಇಷ್ಟೇ: “ವಟ್ಟ ಹಿಡದಾ ತಮ್ಮಾ. ಹೇಳಿ ಹಿಡದಾ.”

ಅದೇ ವರ್ಷ ನಾನು ಸಿಂಗಪುರಕ್ಕೆ ಹೋಗಿದ್ದೆ. ವಿಮಾನ ನಿಲ್ದಾಣದ ಒಂದು ಗಾಜಿನ ಗೂಡಿನಲ್ಲಿ ರೂಪಾಯಿ ಕೊಟ್ಟು ಡಾಲರ್ ತಗೊಂಡೆ. ಗಾಜಿನ ಮೇಲೆ ದಪ್ಪಕ್ಷರದಲ್ಲಿ ಕಮಿಷನ್ ಸೊನ್ನೆ ಎಂದು ಬರೆದಿತ್ತು. ಉಳಿದ ಡಾಲರನ್ನು ಬರುವಾಗ ಅಲ್ಲೇ ಮರಳಿಸಿ ರೂಪಾಯಿ ಇಸಕೊಂಡೆ. ಮನೆಗೆ ಬಂದು ಎರಡೂ ಚೀಟಿ ಪಕ್ಕಕ್ಕೆ ಪಕ್ಕ ಇಟ್ಟು ಲೆಕ್ಕ ಹಾಕಿದರೆ, ಸೋನೌಲಿಯ ಹುಡುಗ ಅತ್ತೆಯಿಂದ ನೂರಕ್ಕೆ ನಾಲ್ಕು ಹಿಡಿದಿದ್ದ. ಕಮಿಷನ್ ಇಲ್ಲವೆಂದವರು ನನ್ನಿಂದ ಅದರ ಎರಡರಷ್ಟನ್ನೂ ಮೀರಿ ಹಿಡಿದಿದ್ದರು. ಕಂಪ್ಯೂಟರಿನಿಂದ ಬಂದ ಆ ಎರಡು ಚೀಟಿಗಳಲ್ಲಿ ಆ ಹಣಕ್ಕೆ ಒಂದು ಹೆಸರಿರಲಿಲ್ಲ, ಒಂದು ಸಾಲೂ ಇರಲಿಲ್ಲ.

ನನ್ನ ತಕರಾರು ಈ ಹೆಸರಿಲ್ಲದಿರುವುದರ ಬಗ್ಗೆ. ವಟ್ಟ ಹಿಡಿಯುವುದು ತಪ್ಪೆಂದು ನಾನು ಹೇಳುತ್ತಿಲ್ಲ.

ವಟ್ಟವೆಂದರೆ ಒಂದು ನಾಣ್ಯವನ್ನು ಇನ್ನೊಂದಕ್ಕೆ ಬದಲಿಸುವಾಗ ಸರಾಫ ಮುರಿದುಕೊಳ್ಳುವ ಪಾಲು. ಮರಾಠಿಯಲ್ಲಿ ಬಟ್ಟಾ ಅನ್ನುತ್ತಾರೆ. ನಮ್ಮ ಗಡಿಯ ಮಾತಿನಲ್ಲಿ ಇಂಥ ಶಬ್ದಗಳು ಯಾವ ಕಡೆಯಿಂದ ಯಾವ ಕಡೆಗೆ ಬಂದವೆಂದು ಜಗಳಾಡುವುದು ವ್ಯರ್ಥ. ಈಗ ಹರಿದ ನೋಟು ಬದಲಿಸುವವನ ಹತ್ತಿರ ಮಾತ್ರ ಆ ಶಬ್ದ ಕೇಳಿಸುತ್ತದೆ. ನಮ್ಮ ಅಜ್ಜಂದಿರ ಕಾಲಕ್ಕೆ ಅದು ದಿನದ ಮಾತಾಗಿತ್ತು, ಯಾಕೆಂದರೆ ಅವರಿಗೆ ಪರದೇಶ ಗಾಡಿ ಹಾದಿಯಲ್ಲೇ ಇತ್ತು.

ಇದು ಅಲಂಕಾರದ ಮಾತಲ್ಲ. 1948ರವರೆಗೆ ಜತ್ತ ಡಫಳೆಯವರ ಸಂಸ್ಥಾನ. ಅಲ್ಲಿ ನಡೆಯುತ್ತಿದ್ದದ್ದು ಇಂಗ್ರಜರ ಕಲದಾರ ರೂಪಾಯಿ. ಅಂಬಾಭವಾನಿಯ ತುಳಜಾಪುರವೂ ದತ್ತನ ಗಾಣಗಾಪುರವೂ ಇದ್ದದ್ದು ನಿಜಾಮರ ಹೈದರಾಬಾದ್ ರಾಜ್ಯದಲ್ಲಿ, ಅಲ್ಲಿಯದು ಹಾಲಿ ಸಿಕ್ಕಾ. ಬೇರೆ ಟಂಕಸಾಲೆ, ಬೇರೆ ನೋಟು. ಆ ನೋಟಿನ ಮೇಲೆ ಉರ್ದು, ತೆಲುಗು, ಮರಾಠಿಗಳ ಜೊತೆ ಕನ್ನಡವೂ ಇರುತ್ತಿತ್ತು ಎಂಬುದು ಗಮನಿಸತಕ್ಕದ್ದು. ಕುಲದೇವತೆಗೆ ಉಡಿ ತುಂಬಲು ಹೊರಟ ಒಕ್ಕಲಿನವನು ರಾಜ್ಯದ ಗಡಿ ದಾಟುತ್ತಲೇ ನಾಣ್ಯ ಬದಲಿಸಬೇಕಾಗುತ್ತಿತ್ತು. ಆರು ಕಲದಾರಕ್ಕೆ ಏಳು ಹಾಲಿ ಎಂಬುದು ರೂಢಿಯ ದರ. ಎಂದರೆ ನೂರು ಕಲದಾರಕ್ಕೆ ನೂರಾ ಹದಿನಾರು ರೂಪಾಯಿ ಹತ್ತಾಣೆ ಎಂಟು ಪೈ. ಸರಾಫ ನೂರಾ ಹದಿನೈದು ಎಣಿಸಿ ಕೊಟ್ಟರೆ ಮಿಕ್ಕ ಒಂದು ರೂಪಾಯಿ ಹತ್ತಾಣೆ ಎಂಟು ಪೈ ಅವನ ವಟ್ಟ. ಹೆಚ್ಚಾಯಿತು ಅನ್ನಿಸಿದರೆ ಪಕ್ಕದ ಕಟ್ಟೆಗೆ ಹೋಗಿ ಇನ್ನೊಬ್ಬನನ್ನು ಕೇಳಬಹುದಿತ್ತು. ಸಂಸ್ಥಾನಗಳು ಹೋದವು, ಜತ್ತ 1949ರಲ್ಲಿ ದಕ್ಷಿಣ ಸಾತಾರಾ ಜಿಲ್ಲೆಯದಾಯಿತು, 1956ರಲ್ಲಿ ಹೈದರಾಬಾದ್ ರಾಜ್ಯವೇ ಮೂರು ಪಾಲಾಯಿತು. ನಿಜಾಮರ ನಾಣ್ಯ ಪೂರ್ತಿ ರದ್ದಾದದ್ದು 1959ರಲ್ಲಿ. ಮರುವರ್ಷ ನಮ್ಮ ಜಿಲ್ಲೆಗೆ ಸಾಂಗಲಿ ಎಂಬ ಹೆಸರು ಬಂತು.

ಇನ್ನೂ ಹಿಂದೆ ಹೋದರೆ ಈ ಸೀಮೆಯ ಕಥೆ ಮತ್ತಷ್ಟು ಗೋಜಲು. ಬಾಗಲಕೋಟೆಯ ರೂಪಾಯಿ ಬೇರೆ, ಬೆಳಗಾವಿ ಪಕ್ಕದ ಶಹಾಪುರದ್ದು ಬೇರೆ. 1835ರಲ್ಲಿ ಕಂಪನಿ ಸರಕಾರ ತನ್ನ ಮುಲುಕಿಗೆಲ್ಲ ಒಂದೇ ರೂಪಾಯಿ ಎಂದು ಕಾಯದೆ ಮಾಡುವವರೆಗೂ, ಮಾಡಿದ ಮೇಲೂ ಬಹಳ ಕಾಲ, ಸಂತೆಯಲ್ಲಿ ಸರಾಫನಿಲ್ಲದೆ ವ್ಯವಹಾರವಿರಲಿಲ್ಲ. ಸಾಂಗಲಿಯ ಪೇಟೆಯಲ್ಲಿ ಸರಾಫ ಕಟ್ಟೆ ಎಂಬ ಹೆಸರು ಇಂದಿಗೂ ಇದೆ. ಈಗ ಅಲ್ಲಿ ಬಂಗಾರದ ಅಂಗಡಿಗಳು.

ಸರಾಫರು ಧರ್ಮರಾಯರಾಗಿದ್ದರೆಂದು ಹೇಳಲಾರೆ. ಹತ್ತಾಣೆ ಎಂಟು ಪೈಯ ಭಾಗಾಕಾರ ಮಾಡಲು ಬಾರದ ಒಕ್ಕಲಿನವನನ್ನು ಅವರು ಎಷ್ಟು ಸಲ ಬೋಳಿಸಿರಬಹುದು ಎಂಬುದನ್ನು ಊಹಿಸಲು ದೊಡ್ಡ ಸಂಶೋಧನೆ ಬೇಕಿಲ್ಲ. ಆದರೂ ಒಂದು ವ್ಯತ್ಯಾಸವಿತ್ತು. ಮುರಿದುಕೊಂಡದ್ದಕ್ಕೆ ಒಂದು ಹೆಸರಿತ್ತು. ಹೆಸರಿರುವುದಕ್ಕೆ ಚೌಕಾಸಿ ನಡೆಯುತ್ತದೆ. “ವಟ್ಟ ಎಷ್ಟು?” ಎಂದು ಅಕ್ಷರ ಬಾರದವನೂ ಕೇಳಬಲ್ಲ. “ಕಮಿಷನ್ ಎಷ್ಟು?” ಎಂದು ನಾನು ಗಾಜಿನ ಗೂಡಿನಲ್ಲಿ ಕೇಳಿದರೆ ಸೊನ್ನೆ ಎಂಬ ಉತ್ತರ ಬರುತ್ತದೆ, ಅದು ಸುಳ್ಳೂ ಅಲ್ಲ. ಅವರು ಕಮಿಷನ್ ಹಿಡಿಯುವುದಿಲ್ಲ. ದರದೊಳಗೇ ಹಿಡಿಯುತ್ತಾರೆ.

ಹೇಗೆಂದು ಒಂದು ಲೆಕ್ಕದಿಂದ ಹೇಳುತ್ತೇನೆ. ಅಂಕಿಗಳು ನಾನು ಸುಲಭಕ್ಕೆ ಹಿಡಿದವು. ಬ್ಯಾಂಕು ಬ್ಯಾಂಕಿಗೆ ಡಾಲರ್ ಮಾರುವ ದರ 85 ಎಂದುಕೊಳ್ಳಿ. ಗೂಡಿನ ಹಲಗೆಯ ಮೇಲೆ ಎರಡು ಸಾಲು ಇರುತ್ತವೆ: ನಾವು ಮಾರುವುದು 89, ನಾವು ಕೊಳ್ಳುವುದು 81. ಇಲ್ಲಿ ನಾವು ಎಂದರೆ ಅವರು. ಅರ್ಧ ಜನ ಇಲ್ಲೇ ಎಡವುತ್ತಾರೆ. ನೀವು 500 ಡಾಲರ್ ಕೊಂಡಿರಿ, 44,500 ರೂಪಾಯಿ ಕೊಟ್ಟಿರಿ. ನಾನೂರು ಖರ್ಚಾಗಿ ನೂರು ಉಳಿಯಿತು, ಮರಳಿಸಿದಿರಿ, 8,100 ಬಂತು. ನಾನೂರು ಡಾಲರಿನ ನಿಜವಾದ ಬೆಲೆ 34,000. ನಿಮ್ಮ ಕಿಸೆಯಿಂದ ಹೋದದ್ದು 36,400. ನಡುವಿನ 2,400 ರೂಪಾಯಿ ವಟ್ಟ. ಹಲಗೆಯ ಎರಡೂ ದರ ಸತ್ಯ, ಚೀಟಿಯ ಗುಣಾಕಾರ ಸತ್ಯ, ಮೋಸವೆಂದು ಪೊಲೀಸರ ಹತ್ತಿರ ಹೋದರೆ ಅವರು ನಿಮ್ಮನ್ನೇ ಬೈದು ಕಳಿಸುತ್ತಾರೆ.

ಜತ್ತಿನ ಯಲ್ಲಮ್ಮನ ಜಾತ್ರೆಗೆ ಹೋದವರು ದನದ ಪೇಟೆಯ ವ್ಯಾಪಾರ ನೋಡಿರುತ್ತಾರೆ. ದಲ್ಲಾಳಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಹೇಳುತ್ತಾನೆ. ಹೊರಗಿನವನಿಗೆ ಇದು ಕಳ್ಳವ್ಯವಹಾರದ ಹಾಗೆ ಕಾಣುತ್ತದೆ. ಆದರೆ ಟವೆಲ್ಲಿನೊಳಗೆ ಕೈ ಇಟ್ಟ ಇಬ್ಬರಿಗೂ ದರ ಗೊತ್ತು; ಗೊತ್ತಿಲ್ಲದಿರುವುದು ಸುತ್ತ ನಿಂತವರಿಗೆ. ಗಾಜಿನ ಗೂಡಿನಲ್ಲಿ ಟವೆಲ್ಲೇ ಇಲ್ಲ. ದರವನ್ನು ಊರಿಗೆಲ್ಲ ಕಾಣುವಂತೆ ದೀಪ ಹಾಕಿ ತೋರಿಸಿದ್ದಾರೆ, ಗೊತ್ತಿಲ್ಲದಿರುವುದು ಕೊಳ್ಳುವವನೊಬ್ಬನಿಗೇ. ಸಾಂಗಲಿಯ ಅರಿಶಿನ ಪೇಟೆಯ ಅಡತಿ ಕೊಡುವ ಪಟ್ಟಿಯನ್ನು ರೈತ ಎಷ್ಟು ಬೈದರೂ ಅದರಲ್ಲಿ ಹಮಾಲಿ ಇಷ್ಟು, ತೋಲಾಯಿ ಇಷ್ಟು ಎಂದು ಕಡಿತಗಳು ಸಾಲಾಗಿ ಇರುತ್ತವೆ. ಬೈಯಲಿಕ್ಕಾದರೂ ಒಂದು ಸಾಲು ಇರಬೇಕಲ್ಲ.

ಇಲ್ಲಿ ಯಾರಾದರೂ ಕೇಳಬಹುದು: ಗೂಡಿನವರಿಗೂ ಖರ್ಚಿಲ್ಲವೇ? ಇದೆ. ವಿಮಾನ ನಿಲ್ದಾಣದ ಬಾಡಿಗೆ ಸಣ್ಣದಲ್ಲ. ನೋಟನ್ನು ತರಿಸಬೇಕು, ವಿಮೆ ಮಾಡಬೇಕು, ಖೋಟಾ ನೋಟು ಬಂದರೆ ನುಂಗಿಕೊಳ್ಳಬೇಕು, ಯಾರೂ ಕೇಳದ ದೇಶದ ನೋಟನ್ನು ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿಟ್ಟು ಕಾಯಬೇಕು. ಬ್ಯಾಂಕಾಕಿನ ಅಂಗಡಿಗಳಲ್ಲಿ ನೂರು ಡಾಲರಿನ ನೋಟಿಗೆ ಒಂದು ದರ, ಒಂದು ಡಾಲರಿನ ನೋಟಿಗೆ ಅದಕ್ಕಿಂತ ಕಡಿಮೆ ದರ. ಸಣ್ಣ ನೋಟು ಎಣಿಸುವ ಶ್ರಮ ಹೆಚ್ಚು ಎಂಬ ಕಾರಣಕ್ಕೆ. ಅದೂ ಒಪ್ಪತಕ್ಕ ಕಾರಣವೇ, ಮೇಲಾಗಿ ಹಲಗೆಯ ಮೇಲೆ ಬರೆದಿರುತ್ತದೆ. ಪರದೇಶದ ಹಣದ ವ್ಯಾಪಾರ ಧರ್ಮಕಾರ್ಯವಾಗಬೇಕೆಂದು ನಾನು ಕೇಳುತ್ತಿಲ್ಲ. ಸೋನೌಲಿಯ ಹುಡುಗ ಬಿಸಿಲಿನಲ್ಲಿ ನಿಂತು ಗಳಿಸಿದ ಎಂಬತ್ತು ರೂಪಾಯಿಗೆ ಅತ್ತೆ ಆಕ್ಷೇಪಿಸಲಿಲ್ಲ, ನಾನೂ ಆಕ್ಷೇಪಿಸುವುದಿಲ್ಲ.

ಆದರೆ ಈ ವಟ್ಟ ಎಲ್ಲರ ಮೇಲೆ ಒಂದೇ ಸಮನೆ ಬೀಳುವುದಿಲ್ಲ. ಕೋಟಿಗಟ್ಟಲೆ ಡಾಲರ್ ಕೊಳ್ಳುವ ಕಂಪನಿ ಬ್ಯಾಂಕಿನ ಜೊತೆ ಪೈಸೆಗಳಲ್ಲಿ ಚೌಕಾಸಿ ಮಾಡುತ್ತದೆ. ಪೇಟೆಯಲ್ಲಿ ಮೊದಲೇ ವಿಚಾರಿಸಿ ನಾಲ್ಕು ಕಡೆ ದರ ಕೇಳುವವನಿಗೆ ಡಾಲರಿಗೆ ರೂಪಾಯಿಯೋ ಒಂದೂವರೆಯೋ ಹೋಗಬಹುದು. ಅತಿ ಹೆಚ್ಚು ಕೊಡುವವನು ಮೊದಲ ಸಲ ಹೊರಟವನು, ಸ್ವಲ್ಪವೇ ಬದಲಿಸುವವನು, ವಿಮಾನಕ್ಕೆ ತಡವಾಯಿತೆಂದು ಓಡುವವನು. ವಳಸಂಗದಲ್ಲಿ ಡಾಲರ್ ಸಿಗುವುದಿಲ್ಲ. ಸಾಂಗಲಿಗೋ ವಿಜಯಪುರಕ್ಕೋ ಸೋಲಾಪುರಕ್ಕೋ ಒಂದು ದಿನದ ಕೂಲಿ ಬಿಟ್ಟು ಹೋಗಬೇಕು. ಹಾಗಾಗಿ ಮಗನನ್ನು ನೋಡಲು ದುಬೈಗೆ ಹೊರಟ ತಾಯಿತಂದೆ ಮುಂಬಯಿಯ ವಿಮಾನ ನಿಲ್ದಾಣದಲ್ಲೇ ನೋಡಿಕೊಂಡರಾಯಿತು ಅನ್ನುತ್ತಾರೆ. ಅಲ್ಲಿ ಅವರನ್ನು ನೋಡಿಕೊಳ್ಳಲು ಜನ ಕಾದಿರುತ್ತಾರೆ.

ಇಂಥವರ ಬಗ್ಗೆ ಸರಕಾರ ಏನೂ ಯೋಚಿಸಿಲ್ಲವೆಂದು ಮಾತ್ರ ಹೇಳಲಾಗದು. ಹಿಂದೆ ಹಜ್ ಯಾತ್ರೆಗೆ ಹೊರಟವರಿಗೆ ಹಜ್ ಸಮಿತಿಯೇ 2,100 ಸೌದಿ ರಿಯಾಲನ್ನು ಮೊದಲೇ ಕೈಗೆ ಕೊಡುತ್ತಿತ್ತು. ಒಟ್ಟಾಗಿ ಕೊಂಡದ್ದರಿಂದ ಒಬ್ಬೊಬ್ಬರು ಅಲೆಯುವುದು ತಪ್ಪುತ್ತಿತ್ತು. 2023ರಲ್ಲಿ ಆ ಪದ್ಧತಿಯನ್ನು ಕೈಬಿಟ್ಟು, ಬೇಕಾದಷ್ಟನ್ನು ನೀವೇ ಕೊಂಡುಕೊಳ್ಳಿ ಎಂದರು. ಸ್ವಾತಂತ್ರ್ಯ ಒಳ್ಳೆಯದೇ. ಚೌಕಾಸಿ ಬಲ್ಲವನಿಗೆ ಹೆಚ್ಚು ಒಳ್ಳೆಯದು.

ಉಳಿದಂತೆ ನಮ್ಮ ನಿಯಮಗಳನ್ನು ಓದಿದರೆ ಒಂದು ಸ್ವಭಾವ ಕಾಣುತ್ತದೆ. ರೂಪಾಯಿ ನೋಟನ್ನು ದೇಶದ ಹೊರಗೆ ಒಯ್ಯಬಹುದಾದದ್ದು 25,000ದವರೆಗೆ. ಹೆಚ್ಚಿನ ದೇಶಗಳಿಗೆ ಹೋಗುವಾಗ ಒಂದು ಪ್ರವಾಸಕ್ಕೆ ಪರದೇಶದ ನೋಟು 3,000 ಡಾಲರಿನಷ್ಟು, ಮಿಕ್ಕದ್ದು ಕಾರ್ಡಿನಲ್ಲಿ. ಐವತ್ತು ಸಾವಿರ ಮೀರಿದರೆ ನಗದು ಕೊಟ್ಟು ಕೊಳ್ಳುವಂತಿಲ್ಲ. ಮರಳಿ ಬಂದಮೇಲೆ 2,000 ಡಾಲರಿಗಿಂತ ಹೆಚ್ಚು ಉಳಿದಿದ್ದರೆ 180 ದಿನದೊಳಗೆ ಒಪ್ಪಿಸಬೇಕು. ಎಲ್ಲವೂ ತಿಳಿದಿರಬೇಕಾದ ನಿಯಮಗಳೇ. ಆದರೆ ಪ್ರತಿಯೊಂದೂ ಕಾಯುವುದು ದೇಶದ ಖಜಾನೆಯನ್ನು. ಪ್ರಯಾಣಿಕನ ಕಿಸೆಯನ್ನು ಕಾಯುವ ನಿಯಮ ಹುಡುಕಿದರೆ, ಅಂಗಡಿಯವರು ದರದ ಹಲಗೆ ಕಾಣುವಂತೆ ಹಾಕಬೇಕು, ಚೀಟಿ ಕೊಡಬೇಕು ಎಂಬಲ್ಲಿಗೆ ಮುಗಿಯುತ್ತದೆ. ಇದು ಡಾಲರಿನ ಬರದ ಕಾಲದಿಂದ ಬಂದ ಅಭ್ಯಾಸ. ಎಪ್ಪತ್ತರ ದಶಕದಲ್ಲಿ ಅಮೆರಿಕಕ್ಕೆ ಓದಲು ಹೋದ ಕನ್ನಡದ ಹುಡುಗರು ಕಿಸೆಯಲ್ಲಿ ಎಂಟು ಡಾಲರ್ ಇಟ್ಟುಕೊಂಡು ಇಳಿದ ಕಥೆಯನ್ನು ಈಗ ಮೊಮ್ಮಕ್ಕಳಿಗೆ ಹೇಳುತ್ತಾರೆ. ಆಗ ಒಂದೊಂದು ಡಾಲರೂ ದೇಶದ ಸೊತ್ತಾಗಿತ್ತು, ಕಾವಲು ಬೇಕಿತ್ತು. ಈಗ ಒಬ್ಬ ವ್ಯಕ್ತಿ ವರ್ಷಕ್ಕೆ ಎರಡೂವರೆ ಲಕ್ಷ ಡಾಲರನ್ನು ಹೊರಗೆ ಕಳಿಸಬಹುದು. ಕಾವಲುಗಾರ ಮಾತ್ರ ಇನ್ನೂ ಅದೇ ಬಾಗಿಲಲ್ಲಿ ನಿಂತಿದ್ದಾನೆ.

ಕಾರ್ಡು, ಮೊಬೈಲು ಬಂದಮೇಲೆ ಈ ನೋಟಿನ ರಗಳೆಯೇ ಮುಗಿಯಿತಲ್ಲ ಎಂದು ಓದಿದವರು ಹೇಳುತ್ತಾರೆ. ಪೂರ್ತಿ ಸುಳ್ಳಲ್ಲ. 2024ರ ಮಾರ್ಚಿನಿಂದ ನೇಪಾಳದ ಅಂಗಡಿಗಳಲ್ಲಿ ನಮ್ಮ ಯುಪಿಐ ನಡೆಯತೊಡಗಿದೆ. 2025ರ ಕೊನೆಗೆ ರಿಸರ್ವ್ ಬ್ಯಾಂಕು ನಿಯಮ ಸಡಿಲಿಸಿ, ನೂರಕ್ಕಿಂತ ದೊಡ್ಡ ನೋಟನ್ನೂ 25,000ದ ಮಿತಿಯಲ್ಲಿ ನೇಪಾಳ, ಭೂತಾನಗಳಿಗೆ ಒಯ್ಯಬಹುದೆಂದಿತು. ಆದರೆ ಕಾರ್ಡಿನಲ್ಲಿ ವಟ್ಟ ಇನ್ನೂ ಆಳಕ್ಕೆ ಇಳಿಯುತ್ತದೆ. ಪರದೇಶದಲ್ಲಿ ನಮ್ಮ ಕಾರ್ಡು ಉಜ್ಜಿದರೆ ಬ್ಯಾಂಕು ನೂರಕ್ಕೆ ಮೂರು, ಮೂರೂವರೆಯವರೆಗೂ ಮೇಲೆ ಸೇರಿಸಬಹುದು. ಅದು ತಿಳಿಯುವುದು ತಿಂಗಳ ಬಿಲ್ಲಿನಲ್ಲಿ. ಇನ್ನೊಂದು ಉಪಾಯವಂತೂ ನಯವಾದದ್ದು. ಅಂಗಡಿಯ ಯಂತ್ರ ಕೇಳುತ್ತದೆ: ಇಲ್ಲಿಯ ಹಣದಲ್ಲಿ ಕೊಡುವಿರೋ, ರೂಪಾಯಿಯಲ್ಲಿ ಕೊಡುವಿರೋ? ಪರದೇಶದಲ್ಲಿ ರೂಪಾಯಿಯ ಹೆಸರು ಕಂಡರೆ ನಮ್ಮವರಿಗೆ ಊರಿನವರು ಸಿಕ್ಕಷ್ಟು ಸಂತೋಷ, ಒತ್ತಿಬಿಡುತ್ತಾರೆ. ಆಗ ದರ ಕಟ್ಟುವವನು ಅಂಗಡಿಯ ಕಡೆಯವನು. ಅಲ್ಲಿಯ ಹಣವನ್ನೇ ಒತ್ತಬೇಕು, ಯಾವಾಗಲೂ. ಯುರೋಪಿನ ಒಕ್ಕೂಟ 2020ರಿಂದ ಇದಕ್ಕೊಂದು ಕಡಿವಾಣ ಹಾಕಿದೆ: ಇಂಥ ವಿನಿಮಯದಲ್ಲಿ ಯುರೋಪಿನ ಕೇಂದ್ರ ಬ್ಯಾಂಕಿನ ದರಕ್ಕಿಂತ ನೂರಕ್ಕೆ ಎಷ್ಟು ಹೆಚ್ಚು ಹಿಡಿಯುತ್ತಿದ್ದೇವೆ ಎಂಬುದನ್ನು ಗುಂಡಿ ಒತ್ತುವ ಮೊದಲೇ ಹೇಳಬೇಕು. ಅತ್ತೆಯ ಮಾತಿನಲ್ಲಿ, ಹೇಳಿ ಹಿಡಿಯಬೇಕು.

ನಮ್ಮಲ್ಲಿ ಅದು ಕಷ್ಟವೇ? ವಟ್ಟವನ್ನು ಅಳೆಯುವ ಕೋಲು ನಮ್ಮ ಕಾಯದೆಯಲ್ಲಿ ಆಗಲೇ ಇದೆ, ಆದರೆ ಅದು ತೆರಿಗೆಯವರ ಕೈಯಲ್ಲಿದೆ. ಹಣ ಬದಲಿಸಿಕೊಡುವ ಸೇವೆಗೆ ಜಿಎಸ್‌ಟಿ ಇದೆ, ನೂರಕ್ಕೆ ಹದಿನೆಂಟು. ಯಾವುದರ ಮೇಲೆ ಹದಿನೆಂಟು? 2017ರ ನಿಯಮಗಳ 32ನೆಯದು ಅದನ್ನು ಹೇಳುತ್ತದೆ: ಅಂಗಡಿಯ ದರಕ್ಕೂ ಆ ಹೊತ್ತಿನ ರಿಸರ್ವ್ ಬ್ಯಾಂಕಿನ ಉಲ್ಲೇಖ ದರಕ್ಕೂ ಇರುವ ಅಂತರವನ್ನು ಬದಲಿಸಿದ ಹಣದಿಂದ ಗುಣಿಸಿ ಬಂದದ್ದೇ ಸೇವೆಯ ಬೆಲೆ. ಎಂದರೆ ಸಾಕ್ಷಾತ್ ವಟ್ಟ. ಮೇಲಿನ ಲೆಕ್ಕದಲ್ಲಿ 500 ಡಾಲರಿಗೆ ಎರಡು ಸಾವಿರ ರೂಪಾಯಿ. ಇದರ ಬದಲು ವ್ಯಾಪಾರಿ ಇನ್ನೊಂದು ಸುಲಭದ ದಾರಿಯನ್ನೂ ಆರಿಸಿಕೊಳ್ಳಬಹುದು: ಲಕ್ಷದವರೆಗಿನ ವ್ಯವಹಾರಕ್ಕೆ ಒಟ್ಟು ಮೊತ್ತದ ನೂರರಲ್ಲಿ ಒಂದು ಪಾಲು, ಕನಿಷ್ಠ 250 ರೂಪಾಯಿ, ಅದನ್ನೇ ಸೇವೆಯ ಬೆಲೆ ಎಂದು ಹಿಡಿದು ತೆರಿಗೆ ಕಟ್ಟುವುದು. ಹಾಗೆ ಕಟ್ಟಿದರೆ ನಿಮ್ಮ ಚೀಟಿಯಲ್ಲಿ 44,500ಕ್ಕೆ ಸೇವೆಯ ಬೆಲೆ 445 ಎಂದಾಗಿ ತೆರಿಗೆ ಎಂಬತ್ತು ರೂಪಾಯಿ ಬರುತ್ತದೆ. ನೀವು ಆ ಎಂಬತ್ತನ್ನು ನೋಡಿ ಸರಕಾರವನ್ನು ಬೈಯುತ್ತೀರಿ. ಎರಡು ಸಾವಿರ ಕಾಣುವುದೇ ಇಲ್ಲ.

ಉಲ್ಲೇಖ ದರ ಗುಟ್ಟಿನದೂ ಅಲ್ಲ. ಡಾಲರ್, ಪೌಂಡ್, ಯೂರೊ, ಯೆನ್‌ಗಳದ್ದು ಕೆಲಸದ ದಿನ ಮಧ್ಯಾಹ್ನ ಪ್ರಕಟವಾಗುತ್ತದೆ. 2018ರಿಂದ ಆ ಕೆಲಸವನ್ನು ಎಫ್‌ಬಿಐಎಲ್ ಎಂಬ ಸಂಸ್ಥೆ ಮಾಡುತ್ತಿದೆ. ಅಂಗಡಿಯ ಕಂಪ್ಯೂಟರಿನಲ್ಲಿ ನಿಮ್ಮ ಹೆಸರು, ಪಾಸ್‌ಪೋರ್ಟಿನ ಸಂಖ್ಯೆ, ಹೋಗುವ ದೇಶ ಎಲ್ಲ ಇರುತ್ತದೆ. ಚೀಟಿಯ ಕೊನೆಗೆ ಇನ್ನೊಂದು ಸಾಲು ಸೇರಿಸಲು ಯಾವ ಯಂತ್ರವೂ ಹೊಸದಾಗಿ ಬರಬೇಕಿಲ್ಲ: ಇಂದಿನ ಉಲ್ಲೇಖ ದರ ಇಷ್ಟು, ನಾವು ಹಿಡಿದದ್ದು ಇಷ್ಟು, ನೂರಕ್ಕೆ ಇಷ್ಟು. ಕಮಿಷನ್ ಸೊನ್ನೆ ಎಂಬ ಹಲಗೆಯನ್ನು ಬೇಕಾದರೆ ಹಾಗೇ ಇಟ್ಟುಕೊಳ್ಳಲಿ, ಕೆಳಗೆ ಈ ಸಾಲು ಇರಲಿ. ವಟ್ಟಕ್ಕೆ ಮಿತಿ ಹಾಕಿ ಎಂದು ಕೇಳುವವರೂ ಇದ್ದಾರೆ. ನನಗೆ ಅದು ಅಷ್ಟು ಸರಿಕಾಣದು. ಮಿತಿ ಹಾಕಿದರೆ ಸಣ್ಣ ಊರಿನ ಅಂಗಡಿ ಮುಚ್ಚುತ್ತದೆ, ಸೋನೌಲಿಯ ಹುಡುಗನಂಥವರು ಅಲ್ಲಿಗೂ ಬರುತ್ತಾರೆ. ಸಾಲು ಬರೆದರೆ ಸಾಕು, ಕೇಳುವವರು ಕೇಳುತ್ತಾರೆ.

ಅಲ್ಲಿಯವರೆಗೆ ಪ್ರಯಾಣಿಕನ ಕೈಯಲ್ಲಿ ಇರುವುದು ಒಂದೇ ಪ್ರಶ್ನೆ. ದರ ಎಷ್ಟು ಎಂದು ಕೇಳಬೇಡಿ. ಮಾರುವುದೆಷ್ಟು, ಇದೇ ನೋಟನ್ನು ಈಗಲೇ ಮರಳಿ ಕೊಟ್ಟರೆ ಕೊಳ್ಳುವುದೆಷ್ಟು ಎಂದು ಒಟ್ಟಿಗೆ ಕೇಳಿ. ಎರಡರ ಅಂತರ ಅಗಲವಾದಷ್ಟೂ ಅಂಗಡಿಯ ಹೊಟ್ಟೆ ದೊಡ್ಡದು.

ಅತ್ತೆಯ ಯಾತ್ರೆಯ ಮಾತು ಅರ್ಧಕ್ಕೆ ಬಿಟ್ಟೆ. ಕಾಠಮಾಂಡುವಿನಲ್ಲಿ ಆಕೆಗೆ ಭಾಷೆಯ ತೊಂದರೆ ಆಗಲಿಲ್ಲವಂತೆ. ಕಲಿತದ್ದು ಕನ್ನಡ ಶಾಲೆಯ ನಾಲ್ಕನೆಯ ಇಯತ್ತೆ; ಆದರೆ ಮರಾಠಿ ಬೋರ್ಡುಗಳ ನಡುವೆ ಬದುಕಿದವಳಿಗೆ ನೇಪಾಳಿ ನೋಟಿನ ದೇವನಾಗರಿ ಅಂಕಿ ಓದಲು ಬರುತ್ತಿತ್ತು. ಓದದೆಯೂ ನಡೆಯುತ್ತಿತ್ತು: ನೂರಕ್ಕೆ ಖಡ್ಗಮೃಗ, ಐದುನೂರಕ್ಕೆ ಹುಲಿ, ಸಾವಿರಕ್ಕೆ ಆನೆ. ನಮ್ಮ ನೂರು ಅಲ್ಲಿಯ ನೂರ ಅರವತ್ತು, 1993ರಿಂದ ಅದೇ ದರ. ನಮ್ಮ ರೊಕ್ಕಕ್ಕೆ ಐಸಿ ಅನ್ನುತ್ತಾರೆ, ಅವರದಕ್ಕೆ ಎನ್‌ಸಿ. ಪಶುಪತಿನಾಥನನ್ನು ಪೂಜಿಸುವ ಭಟ್ಟರು ಕರ್ನಾಟಕದಿಂದ ಹೋದವರೆಂದು ಕೇಳಿ ಆಕೆ ಬಹಳ ಹಿಗ್ಗಿದಳು. ದೇವರ ಹತ್ತಿರ ನಿಂತವರು ನಮ್ಮವರು, ಹೊರಗೆ ಹೂವು ಮಾರುವವಳು ನಮ್ಮ ಐದುನೂರನ್ನು ಮುಟ್ಟಲೊಲ್ಲಳು ಎಂಬುದು ಆಕೆಗೆ ಕೊನೆಯವರೆಗೂ ವಿಚಿತ್ರವೆನಿಸಿತು.

ಮರಳಿ ಬಂದಾಗ ಚಂಚಿಯಲ್ಲಿ ಒಂದು ಖಡ್ಗಮೃಗದ ನೋಟು ಉಳಿದಿತ್ತು. ಈಗಲೂ ದೇವರ ಗೂಡಿನಲ್ಲಿದೆ. ಸೋನೌಲಿಯಲ್ಲೇ ಯಾಕೆ ಬದಲಿಸಿಕೊಳ್ಳಲಿಲ್ಲ ಎಂದು ಕೇಳಿದೆ.

“ಅರವತ್ತೆರಡೂವರಿ ರೂಪಾಯಿ ಆಗತೈತಿ ತಮ್ಮಾ. ಅವ ಅರವತ್ತೆರಡು ಕೊಟ್ಟು ಸುಮ್ಮನ ನಿಂತಾ. ಆಠಾಣೆ ಯಾಕ ಹಿಡದಿ ಅಂದೆ. ಹಿಡದಿಲ್ಲ ಅವ್ವಾ, ಚಿಲ್ಲರ ಇಲ್ಲ ಅಂದಾ. ಹಂಗಾರ ನನ್ನ ನೋಟು ನನಗ ಕೊಡು ಅಂದು ಇಸಗೊಂಡು ಬಂದೆ.”